‘ಅಂತರರಾಷ್ಟ್ರೀಯ ಪದಕ’ ಎಂದು ಅಚ್ಚು ಹಾಕುವ ಮೊದಲು

ಮಾನ್ಯ ಸಂಪಾದಕರೆ,

ಹೋದ ತಿಂಗಳು ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ನನ್ನ ತಮ್ಮನ ಮೊಮ್ಮಗಳ ಫೋಟೊ ಬಂದಿತ್ತು. ಕೊರಳಲ್ಲಿ ಬೆಳ್ಳಿ ಪದಕ, ಕೈಯಲ್ಲಿ ಬಾವುಟ. ‘ಅಂತರರಾಷ್ಟ್ರೀಯ ಜಿಮ್ನಾಸ್ಟಿಕ್ಸ್‌ನಲ್ಲಿ ಮಿಂಚಿದ 9ರ ಪೋರಿ’ ಅಂತ ತಲೆಬರಹ. ಮನೆಯವರು ಅದನ್ನು ಕತ್ತರಿಸಿ ಫ್ರೇಮ್ ಹಾಕಿಸಿದರು. ನಾನೂ ಮೈಸೂರು ಪಾಕು ತಿಂದು ಖುಷಿಪಟ್ಟೆ. ಆಮೇಲೆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದೆ, ‘ನಿನ್ನ ವಯಸ್ಸಿನೋರು ಎಷ್ಟು ಜನ ಇದ್ರು ಪುಟ್ಟಿ?’

‘ಮೂರು ಜನ ಅಜ್ಜಿ’ ಅಂದಳು. ಮೂವರಲ್ಲಿ ಒಬ್ಬಳು ಇವಳ ತರಬೇತಿ ಕ್ಲಾಸಿನವಳೇ!

ಮಗುವಿನದು ಏನೂ ತಪ್ಪಿಲ್ಲ. ಚೆನ್ನಾಗಿ ಲಾಗ ಹಾಕುತ್ತಾಳೆ. ಆದರೆ ಪ್ರವೇಶ ಶುಲ್ಕ, ವಿಮಾನ, ಹೋಟೆಲು, ಮಿಂಚುವ ಉಡುಪು ಎಲ್ಲ ಸೇರಿ ಹತ್ತಿರ ಹತ್ತಿರ ಒಂದು ಲಕ್ಷ ಖರ್ಚಾಗಿದೆ. ಅವಳಮ್ಮ ಎರಡು ಬಳೆ ಅಡವಿಟ್ಟಿದ್ದಾಳೆ. ‘ಇಂಡಿಯಾಗೆ ಆಡ್ತಾಳೆ ಅಂದ್ರು ಅತ್ತೆ, ಹೇಗೆ ಬೇಡ ಅನ್ನಲಿ?’ ಎಂದು ನನ್ನನ್ನೇ ಕೇಳಿದಳು.

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ 31 ವರ್ಷ ಪಿ.ಟಿ. ಟೀಚರ್ ಆಗಿದ್ದವಳು. ಮರಳಿನ ಗುಂಡಿಯಲ್ಲಿ ಪಲ್ಟಿ ಹೇಳಿಕೊಟ್ಟಿದ್ದೇನೆಯೇ ಹೊರತು ಒಳ್ಳೆಯ ಮ್ಯಾಟ್ ಕೂಡ ಕಂಡವಳಲ್ಲ. ಆದರೂ ಈ ಆಟದ ನಿಯಮ ಅಷ್ಟಿಷ್ಟು ಗೊತ್ತು. ಅಂತರರಾಷ್ಟ್ರೀಯ ಜಿಮ್ನಾಸ್ಟಿಕ್ಸ್ ಫೆಡರೇಷನ್ ನಡೆಸುವ ಜೂನಿಯರ್ ವಿಶ್ವ ಚಾಂಪಿಯನ್‌ಷಿಪ್ ಶುರುವಾದದ್ದೇ 2019ರಲ್ಲಿ, ಹಂಗೆರಿಯ ಗ್ಯೋರ್ ನಗರದಲ್ಲಿ. ಆಮೇಲೆ 2023ರಲ್ಲಿ ಟರ್ಕಿಯ ಅಂತಾಲ್ಯಾ, 2025ರಲ್ಲಿ ಫಿಲಿಪ್ಪೀನ್ಸ್‌ನ ಮನಿಲಾ. ಅಲ್ಲಿ ಹುಡುಗಿಯರ ಬೀಮ್ (ಕಿರಿದಾದ ತೊಲೆ), ಬಾರ್ (ಅಡ್ಡ ಕಂಬಿ), ವಾಲ್ಟ್ (ಓಡಿ ಬಂದು ಮೇಜಿನ ಮೇಲಿಂದ ಹಾರುವುದು), ಫ್ಲೋರ್ (ನೆಲದ ಮೇಲಿನ ಲಾಗ) ಸ್ಪರ್ಧೆಗೆ ಇಳಿಯುವವರು 14-15ರ ವಯಸ್ಸಿನವರು. ಹೆಸರು ಕಳಿಸುವುದು ಆಯಾ ದೇಶದ ಫೆಡರೇಷನ್. ದುಡ್ಡು ಕಟ್ಟಿ ನಾವೇ ಹೋಗಿ ‘ದೇಶದ ಪರ’ ಅನ್ನಿಸಿಕೊಳ್ಳುವ ದಾರಿ ಅಲ್ಲಿಲ್ಲ. 9 ವರ್ಷದ ಮಗುವಿಗಂತೂ ಅಲ್ಲಿ ಜಾಗವೇ ಇಲ್ಲ.

ಜಾಗ ಇಲ್ಲದಿರುವುದಕ್ಕೆ ಕಾರಣವೂ ಇದೆ. 1976ರಲ್ಲಿ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ರೊಮೇನಿಯಾದ ಜಿಮ್ನಾಸ್ಟ್ ನಾದಿಯಾ ಕೊಮನೆಚಿ ಹತ್ತಕ್ಕೆ ಹತ್ತು ತೆಗೆದಾಗ ಅವಳಿಗೆ 14. ನನಗೂ ಆಗ ಅಷ್ಟೇ ವಯಸ್ಸು. ಅಂಕ ತೋರಿಸುವ ಬೋರ್ಡಿನಲ್ಲಿ 10.00 ಮೂಡಿಸಲು ಆಗದೆ 1.00 ಅಂತ ಬಂದಿತ್ತು. ಆ ಕಥೆಯನ್ನು ನನ್ನ ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ. ಆಮೇಲೆ ದೊಡ್ಡವರ ಸ್ಪರ್ಧೆಗೆ ಕನಿಷ್ಠ ವಯಸ್ಸನ್ನು 1981ರಲ್ಲಿ 15ಕ್ಕೆ, 1997ರಲ್ಲಿ 16ಕ್ಕೆ ಏರಿಸಿದರು. ಬೆಳೆಯುವ ಮೂಳೆ, ಬೆಳೆಯುವ ಮನಸ್ಸು ಎರಡಕ್ಕೂ ಅಷ್ಟು ಭಾರ ಬೇಡ ಅಂತ. ನಿಯಮ ಬಂದ ಮೇಲೂ ವಯಸ್ಸು ಮುಚ್ಚಿಟ್ಟವರಿದ್ದಾರೆ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಚೀನಾ ತಂಡ ಗೆದ್ದ ಕಂಚನ್ನು ಹತ್ತು ವರ್ಷದ ನಂತರ ವಾಪಸ್ ಪಡೆದರು. ತಂಡದ ಒಬ್ಬ ಹುಡುಗಿಗೆ ಆಗ 14 ಅಷ್ಟೇ ಆಗಿತ್ತು.

ನಮ್ಮವರನ್ನೇ ನೋಡಿ. ಅಗರ್ತಲಾದ ದೀಪಾ ಕರ್ಮಾಕರ್ ಪಾದ ಚಪ್ಪಟೆ. ಈ ಆಟಕ್ಕೆ ಅದೇ ದೊಡ್ಡ ತೊಡಕು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ವಾಲ್ಟ್ ಫೈನಲ್‌ಗೆ ಬಂದಾಗ 23 ತುಂಬಿತ್ತು. 15.066 ಅಂಕ ಗಳಿಸಿ ನಾಲ್ಕನೆಯವಳಾದಳು. ಕಂಚು ತಪ್ಪಿದ್ದು ಬರೀ 0.150 ಅಂಕದಲ್ಲಿ. 2024ರಲ್ಲಿ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಚಿನ್ನ ಗೆದ್ದಾಗ ಅವಳಿಗೆ 30. ಇಂಥ ಆಟದಲ್ಲಿ ‘ಒಂಬತ್ತರ ಪೋರಿ’ ಎಂದು ವಯಸ್ಸನ್ನೇ ದೊಡ್ಡದು ಮಾಡಿದರೆ ಮನೆಮನೆಯಲ್ಲೂ ಏಳಕ್ಕೆ ಸಾಧ್ಯವಾ, ಆರಕ್ಕೆ ಸಾಧ್ಯವಾ ಅಂತ ಶುರು ಮಾಡುತ್ತಾರೆ, ಅಲ್ವಾ? ನಮ್ಮ ಪುಟ್ಟಿಯ ಕ್ಲಾಸಿನಲ್ಲೇ ಕಾಲು ಪೂರ್ತಿ ಅಗಲವಾಗಲಿ ಅಂತ ತೊಡೆ ಮೇಲೆ ಕೂತು ಒತ್ತುತ್ತಾರಂತೆ. ಕೇಳಿ ಎದೆ ಧಸಕ್ಕೆಂದಿತು.

ಬೇರೆ ಬೇರೆ ಕ್ಲಬ್ಬಿನ ಮಕ್ಕಳು ಹೊರದೇಶದಲ್ಲಿ ಸೇರಿ ಆಡುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಪ್ರವಾಸ ಆಗುತ್ತೆ, ಹೆದರಿಕೆ ಬಿಡುತ್ತೆ. ಹಾಗಿದ್ದರೆ ಹಾಗೆಯೇ ಬರೆಯಿರಿ. ಸುದ್ದಿ ತಂದವರನ್ನು ನಿಮ್ಮ ವರದಿಗಾರರು ಒಂದೆರಡು ಮಾತು ಕೇಳಿದರೆ ಸಾಕು. ಇದನ್ನು ನಡೆಸಿದ್ದು ಯಾರು? ಮಗುವನ್ನು ಆರಿಸಿದ್ದು ದೇಶದ ಫೆಡರೇಷನ್ನಾ, ಇಲ್ಲ ಶುಲ್ಕದ ರಸೀದಿಯಾ? ಆ ಗುಂಪಿನಲ್ಲಿ ಆಡಿದ್ದು ಎಷ್ಟು ಮಂದಿ? ಇದಕ್ಕೆ ಐದು ನಿಮಿಷ ಜಾಸ್ತಿ ಹಿಡಿಯಬಹುದು.

ಸುಮ್ನೆ ಬಿಟ್ಟುಬಿಡೋಣ ಅಂತಲೇ ಇದ್ದೆ. ಮೊನ್ನೆ ವಾಟ್ಸ್‌ಆ್ಯಪ್‌ನಲ್ಲಿ ಮುಂದಿನ ‘ಅಂತರರಾಷ್ಟ್ರೀಯ’ ಸ್ಪರ್ಧೆಯ ಜಾಹೀರಾತು ಬಂತು. 5 ವರ್ಷದಿಂದಲೇ ಪ್ರವೇಶವಂತೆ. ಕೆಳಗೆ ‘ಪತ್ರಿಕೆಗಳಲ್ಲಿ ನಮ್ಮ ಮಕ್ಕಳು’ ಎಂದು ನಿಮ್ಮ ಸುದ್ದಿಯ ತುಣುಕನ್ನೇ ಅಂಟಿಸಿದ್ದಾರೆ. ಫೋಟೊದಲ್ಲಿರುವುದು ನಮ್ಮ ಪುಟ್ಟಿ.

– ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕಿ, ಹಾಸನ