ತಂಬಿಗೆಯೋ, ರೇಡಿಯೊವೋ

ಪ್ರೀತಿಯ ತಂಗಿ,

ನಿನ್ನ ಕಥೆ ಕೈಸೇರಿತು. ಒಂದೇ ಉಸಿರಿಗೆ ಓದಿ ಮುಗಿಸಿ, ಮರುದಿನ ಮತ್ತೆ ಓದಿದೆ. ಒಲೆಯ ಮೇಲೆ ಅನ್ನ ಕುದಿಯುತ್ತಿರುವಾಗ ಆ ತಾಯಿ ಅಜ್ಜಿಯ ಕಾಲದ ತಾಮ್ರದ ತಂಬಿಗೆಯ ನೀರಿನತ್ತ ಬಗ್ಗಿ, ಮಂಗಳ ಗ್ರಹದಲ್ಲಿರುವ ಮಗನನ್ನು 'ಊಟ ಆಯಿತೇನೋ?' ಎಂದು ಕೇಳುತ್ತಾಳಲ್ಲ, ಅಲ್ಲಿ ನನ್ನ ಕಣ್ಣು ಒದ್ದೆಯಾಯಿತು. ಅದರ ಬೆನ್ನಿಗೇ, ತಂಬಿಗೆ ಕೆಲಸ ಮಾಡುವುದು 'ಕ್ವಾಂಟಮ್ ಶಕ್ತಿ'ಯಿಂದ ಎಂದು ಬರೆದಿದ್ದೀಯ. ಆ ಸಾಲಿನಲ್ಲಿ ನಾನು ಕಥೆಯಿಂದ ಹೊರಗೆ ಬಿದ್ದೆ.

ಇದು ಫ್ಯಾಂಟಸಿಯೋ ವಿಜ್ಞಾನ ಕಥೆಯೋ ಎಂದು ಕೇಳಿದ್ದೀಯ. ರಾಕೆಟ್ ಇದ್ದರೆ ವಿಜ್ಞಾನ ಕಥೆ, ಮಂತ್ರದಂಡ ಇದ್ದರೆ ಫ್ಯಾಂಟಸಿ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಕಥೆಗಾರ ಯಾರಿಗೆ ಲೆಕ್ಕ ಒಪ್ಪಿಸುತ್ತಾನೆ ಎಂಬುದನ್ನು ನೋಡು. ಫ್ಯಾಂಟಸಿ ಬರೆಯುವವನು ತಾನೇ ಹಾಕಿಕೊಂಡ ಕಟ್ಟಳೆಗೆ ಬದ್ಧ. ವಿಜ್ಞಾನ ಕಥೆ ಬರೆಯುವವನು ಪುಸ್ತಕದ ಹೊರಗಿರುವ ಪ್ರಕೃತಿಗೂ ಲೆಕ್ಕ ಒಪ್ಪಿಸಬೇಕು.

1865ರ ಕಾದಂಬರಿಯಲ್ಲಿ ಫ್ರೆಂಚ್ ಲೇಖಕ ಜೂಲ್ಸ್ ವರ್ನ್ 900 ಅಡಿ ಉದ್ದದ ಫಿರಂಗಿಯಿಂದ ಮೂವರನ್ನು ಚಂದ್ರನತ್ತ ಹಾರಿಸಿದ. 1901ರಲ್ಲಿ ಇಂಗ್ಲಿಷ್ ಕಾದಂಬರಿಕಾರ ಎಚ್. ಜಿ. ವೆಲ್ಸ್ ಗುರುತ್ವವನ್ನೇ ತಡೆಯುವ 'ಕೇವೊರೈಟ್' ಎಂಬ ವಸ್ತುವನ್ನು ಕಲ್ಪಿಸಿ ತನ್ನವರನ್ನು ಅಲ್ಲಿಗೇ ಕಳುಹಿಸಿದ. ಅಂಥ ಲೋಹವಿದ್ದರೆ ತೋರಿಸಲಿ ಎಂದು ವರ್ನ್ ರೇಗಿದ. ಆದರೆ ವರ್ನ್‌ನ ಫಿರಂಗಿಯೂ ನಡೆಯುವಂಥದ್ದಲ್ಲ. ಅಷ್ಟು ಗಿಡ್ಡ ಕೊಳವೆಯೊಳಗೆ ಸೆಕೆಂಡಿಗೆ 11 ಕಿಲೋಮೀಟರ್ ವೇಗ ಬರಬೇಕಾದರೆ ಪ್ರಯಾಣಿಕರ ಮೇಲೆ ಅವರ ತೂಕದ 20 ಸಾವಿರ ಪಟ್ಟಿಗೂ ಮೀರಿದ ಒತ್ತಡ ಬೀಳುತ್ತದೆ. ಯಾರೂ ಬದುಕಿ ಉಳಿಯುವುದಿಲ್ಲ. ಹಾಗಿದ್ದೂ ಅದನ್ನು ನಾನು ವಿಜ್ಞಾನ ಕಥೆ ಎನ್ನುತ್ತೇನೆ. ಏಕೆಂದರೆ ಅದರ ತಪ್ಪನ್ನು ನೀನು ಕಾಗದ, ಪೆನ್ಸಿಲ್ ಹಿಡಿದು ಕಂಡುಹಿಡಿಯಬಹುದು. ಒಡೆಯನ ಮನಸ್ಸಿನಂತೆ ಹಾರುವ ಪುಷ್ಪಕ ವಿಮಾನದಲ್ಲಿ ಅಂಥ ತಪ್ಪು ಹುಡುಕಲು ಜಾಗವೇ ಇಲ್ಲ, ಹುಡುಕಲೂಬಾರದು.

ವೆಲ್ಸ್‌ನಿಂದ ಕಲಿಯುವುದು ಇನ್ನೂ ಇದೆ. ಇಲ್ಲದ ವಸ್ತುವನ್ನು ಇದೆ ಎಂದ ಮೇಲೆ ಅವನು ಕೈತೊಳೆದುಕೊಳ್ಳಲಿಲ್ಲ. ಕೇವೊರೈಟ್ ಸಿದ್ಧವಾದ ಕ್ಷಣ ಅದರ ಮೇಲಿದ್ದ ಗಾಳಿಗೂ ತೂಕ ಇಲ್ಲವಾಗುತ್ತದೆ. ಆ ಗಾಳಿ ಮೇಲಕ್ಕೆ ಚಿಮ್ಮುತ್ತದೆ, ಸುತ್ತಲಿನ ಗಾಳಿ ಆ ಜಾಗಕ್ಕೆ ನುಗ್ಗುತ್ತದೆ, ಸುತ್ತಮುತ್ತ ಬಿರುಗಾಳಿಯೇ ಏಳುತ್ತದೆ. ಒಂದು ಕಲ್ಪನೆಯ ಹಿಂದೆ ಎಷ್ಟು ನಿಷ್ಠೆಯಿಂದ ನಡೆದಿದ್ದಾನೆ ನೋಡು!

ಈಗ ನಿನ್ನ ತಂಬಿಗೆಗೆ ಬರೋಣ. ಎಷ್ಟೇ ದೂರವಿದ್ದರೂ ಎರಡು ಕಣಗಳ ಸ್ಥಿತಿ ಒಂದಕ್ಕೊಂದು ಹೆಣೆದುಕೊಂಡಿರುವುದಕ್ಕೆ ಕ್ವಾಂಟಮ್ ಹೆಣಿಗೆ ಎನ್ನುತ್ತಾರೆ, ಆದರೆ ಅದರಿಂದಲೂ ಮಾತು ಕಳುಹಿಸಲು ಭೌತವಿಜ್ಞಾನ ಬಿಡುವುದಿಲ್ಲ. ನಿನ್ನ ಕಥೆಯಲ್ಲಿ 'ಕ್ವಾಂಟಮ್' ಎಂಬ ಪದ ಬರೀ ಮಂತ್ರ. ಮಂತ್ರವೇ ಬೇಕಿದ್ದರೆ ಧೈರ್ಯವಾಗಿ ಮಂತ್ರವನ್ನೇ ಇಡು, ಅದಕ್ಕೊಂದು ಬೆಲೆ ಕಟ್ಟು. ನೀರಿನಲ್ಲಿ ಮಗನ ಮುಖ ಕಂಡಾಗಲೆಲ್ಲ ಅವನ ಬಾಲ್ಯದ ಒಂದು ನೆನಪು ತಾಯಿಯಿಂದ ಅಳಿಸಿಹೋಗಲಿ. ಕೊನೆಯ ಪುಟದವರೆಗೂ ಅವಳಿಗೆ ರಿಯಾಯಿತಿ ಕೊಡಬೇಡ.

ಇಲ್ಲವೇ ತಂಬಿಗೆ ತೆಗೆದು ರೇಡಿಯೊ ಇಡು. ಬೆಳಕಿನ ವೇಗದಲ್ಲಿ ಹೋದರೂ ಮಾತು ಮಂಗಳವನ್ನು ಮುಟ್ಟಲು, ಗ್ರಹ ಹತ್ತಿರವಿದ್ದಾಗ ಸುಮಾರು 3 ನಿಮಿಷ ಬೇಕು, ಅತಿ ದೂರದಲ್ಲಿದ್ದಾಗ ಸುಮಾರು 22 ನಿಮಿಷ. ಅಂದರೆ 'ಊಟ ಆಯಿತೇನೋ?' ಎಂದು ಕೇಳಿದ ಮೇಲೆ ಉತ್ತರಕ್ಕೆ ಮುಕ್ಕಾಲು ಗಂಟೆ ಕಾಯಬೇಕಾದೀತು. ಅಷ್ಟರಲ್ಲಿ ಅನ್ನ ಬೆಂದಿರುತ್ತದೆ, ಅವಳು ಗಂಜಿ ಬಸಿದಿರುತ್ತಾಳೆ, ತಟ್ಟೆಗೆ ಬಡಿಸಿಕೊಂಡದ್ದು ಆರಿರುತ್ತದೆ. ಆಗ ಬರುತ್ತದೆ: 'ಆಯಿತಮ್ಮ, ನಿನ್ನದು?'

ನನ್ನ ಮನಸ್ಸು ರೇಡಿಯೊ ಕಡೆಗೇ ವಾಲುತ್ತದೆ. ಕಾಯುವವರನ್ನು ನೀನು ಚೆನ್ನಾಗಿ ಬರೆಯುತ್ತೀಯ. ಆದರೆ ಕಥೆ ನಿನ್ನದು, ಆಯ್ಕೆಯೂ ನಿನ್ನದು. ತಿದ್ದಿದ ಪ್ರತಿಯನ್ನು ಕಳುಹಿಸು. ಆ ಅನ್ನದ ಪಾತ್ರೆಯನ್ನು ಮಾತ್ರ ಎರಡರಲ್ಲೂ ಬಿಡಬೇಡ.

ಇತಿ,
ನಿನ್ನ ಅಣ್ಣ