ಎತ್ತಿಗೆ ಜ್ವರ, ಬಿಜಿಪಿಗೆ ಬರೆ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಡೇಟಾ ಸೆಂಟರ್‌ಗಳ ಬಗ್ಗೆ ಬಂದ ಲೇಖನ ಓದಿದೆ. ನೀರು, ಕರೆಂಟು, ಜಾಗದ ವಿಷಯ ಚೆನ್ನಾಗಿತ್ತು. ಕೊನೆಯ ಪ್ಯಾರಾದಲ್ಲಿ ಮಾತ್ರ ಎಡವಿದ್ದೀರಿ. 2021ರಲ್ಲಿ ಫೇಸ್‌ಬುಕ್ ನಿಂತುಹೋಗಿದ್ದು ಯಾವ ವಿಳಾಸಕ್ಕೆ ಯಾವ ದಾರಿ ಎಂದು ನೆಟ್‌ವರ್ಕ್‌ಗಳು ಒಂದಕ್ಕೊಂದು ಹೇಳಿಕೊಳ್ಳಲು ಬಳಸುವ ಬಿಜಿಪಿ ಎಂಬ ಹಳೇ ರೂಟಿಂಗ್ ಪ್ರೋಟೊಕಾಲ್‌ನಿಂದ, ಡೇಟಾ ಸೆಂಟರ್ ಒಳಗೆ ಅದನ್ನು ಹಾಕಬಾರದು ಎಂದು ಬರೆದಿದ್ದೀರಿ. ಹದಿನಾಲ್ಕು ವರ್ಷದಿಂದ ವೈಟ್‌ಫೀಲ್ಡ್ ಕಡೆ ಡೇಟಾ ಸೆಂಟರ್ ನೆಟ್‌ವರ್ಕ್ ಕೆಲಸವನ್ನೇ ಮಾಡಿಕೊಂಡಿರುವವನು ನಾನು. ಸುಮ್ಮನಿರಲು ಆಗಲಿಲ್ಲ.

ಅವತ್ತು ಅಕ್ಟೋಬರ್ 4, ಸೋಮವಾರ. ರಾತ್ರಿ ಒಂಬತ್ತು ದಾಟಿದ ಮೇಲೆ ವಾಟ್ಸ್‌ಆ್ಯಪ್ ನಿಂತಿತು. ನಮ್ಮ ಅತ್ತಿಗೆ ವೈಫೈ ಡಬ್ಬ ಮೂರು ಸಲ ಆಫ್ ಮಾಡಿ ಆನ್ ಮಾಡಿದರು. ಆಮೇಲೆ ಆ ಕಂಪನಿಯೇ ಬರೆದು ಹೇಳಿತು: ರಿಪೇರಿ ಕೆಲಸದ ಹೊತ್ತಿನಲ್ಲಿ ಕೊಟ್ಟ ಒಂದು ಕಮಾಂಡ್, ಡೇಟಾ ಸೆಂಟರ್‌ಗಳನ್ನು ಬೆಸೆಯುವ ಬ್ಯಾಕ್‌ಬೋನನ್ನೇ ಕೆಡವಿತು. ಅಂಥ ಕಮಾಂಡನ್ನು ತಡೆಯಬೇಕಿದ್ದ ಸಾಫ್ಟ್‌ವೇರ್‌ನಲ್ಲೂ ದೋಷವಿತ್ತು. ಡೇಟಾ ಸೆಂಟರ್ ಸಿಗದೇ ಹೋದಾಗ ವೆಬ್‌ಸೈಟ್ ಹೆಸರು ಕೊಟ್ಟರೆ ಅದರ ವಿಳಾಸ ಹೇಳುವ ಅವರ ಡಿಎನ್‌ಎಸ್ ಸರ್ವರ್‌ಗಳು 'ನಮ್ಮ ಕಡೆ ಬರಬೇಡಿ' ಎಂದು ಬಿಜಿಪಿ ಮೂಲಕ ಹೇಳಿ ಹಿಂದೆ ಸರಿದವು. ಹೇಳಿದ್ದನ್ನು ಬಿಜಿಪಿ ಮುಟ್ಟಿಸಿತು, ಅಷ್ಟೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು ನಿಮ್ಮ ಪ್ಯಾರಾ. ಅದೇ ಫೇಸ್‌ಬುಕ್ ತನ್ನ ಡೇಟಾ ಸೆಂಟರ್‌ಗಳೊಳಗೆ ಬಿಜಿಪಿಯನ್ನೇ ಓಡಿಸುತ್ತದೆ. ಹೇಗೆ ಓಡಿಸುತ್ತೇವೆ ಎಂದು ಅದೇ 2021ರಲ್ಲಿ ಪ್ರಬಂಧವನ್ನೂ ಪ್ರಕಟಿಸಿದೆ.

ಇನ್ನು 'ಹಳೇದು' ಅನ್ನುವ ಮಾತು. 1989ರಲ್ಲಿ ಎಂಜಿನಿಯರ್‌ಗಳಾದ ಕರ್ಕ್ ಲಾಹೀಡ್ ಮತ್ತು ಯಾಕೋವ್ ರೆಕ್ಟರ್ ಊಟದ ಮೇಜಿನ ಮೇಲೆ ನ್ಯಾಪ್ಕಿನ್‌ನಲ್ಲಿ ಗೀಚಿದ್ದು ಬಿಜಿಪಿ, ನಿಜ. ಆದರೆ ಅದರ ಬದಲಿಗೆ ನೀವು ಹೊಗಳಿದ ಇನ್ನೊಂದು ರೂಟಿಂಗ್ ಪ್ರೋಟೊಕಾಲ್ ಒಎಸ್‌ಪಿಎಫ್‌ನ ಮೊದಲ ಬರಹವೂ 1989ರದ್ದೇ. ಇಬ್ಬರೂ ಒಂದೇ ವಯಸ್ಸಿನವರು.

ಈಗ ನಮ್ಮ ಕಥೆ. ನಮ್ಮ ಡೇಟಾ ಸೆಂಟರ್ ದೊಡ್ಡದೇನಲ್ಲ. ಒಂದು ಮಹಡಿ. ರ‍್ಯಾಕ್‌ಗಳ ತಲೆ ಮೇಲೆ ಸರ್ವರ್‌ಗಳನ್ನು ಜೋಡಿಸುವ 36 ಲೀಫ್ ಸ್ವಿಚ್, ಮಧ್ಯದಲ್ಲಿ ಲೀಫ್‌ಗಳನ್ನು ಬೆಸೆಯುವ 4 ಸ್ಪೈನ್ ಸ್ವಿಚ್. ಪ್ರತಿ ಲೀಫ್‌ನಿಂದ ಪ್ರತಿ ಸ್ಪೈನ್‌ಗೂ ಒಂದೊಂದು ಕೇಬಲ್, ಒಟ್ಟು 144. ಮೊದಲು ಒಎಸ್‌ಪಿಎಫ್‌ನಲ್ಲೇ ಇದ್ದೆವು. ಅದರ ಸ್ವಭಾವ ಊರಲ್ಲಿ ಡಂಗುರ ಹೊಡೆದ ಹಾಗೆ. ಒಬ್ಬ ಹೇಳಿದ್ದು ಎಲ್ಲರಿಗೂ ಹೋಗುತ್ತದೆ. ಎಲ್ಲರ ಹತ್ತಿರವೂ ಒಂದೇ ನಕ್ಷೆ. ಇದರಿಂದ ಸ್ವಿಚ್ ಸುಸ್ತಾಗಿ ಬೀಳುತ್ತದೆ ಅಂತ ಕೆಲವರು ಹೆದರಿಸುತ್ತಾರೆ. 40 ಸ್ವಿಚ್‌ಗೆ ಅದೆಲ್ಲ ಏನೂ ಆಗುವುದಿಲ್ಲ. ನಮಗೆ ಪೆಟ್ಟು ಬಿದ್ದದ್ದು ಬೇರೆ ಕಡೆಯಿಂದ.

ಒಬ್ಬ ಗ್ರಾಹಕರಿಗೆ ಎರಡು ರ‍್ಯಾಕ್‌ನ ಫೈರ್‌ವಾಲ್‌ಗಳ ನಡುವೆ ಒಂದು ಐಪಿ ವಿಳಾಸ ಆಚೀಚೆ ಸಾಗುತ್ತಿರಬೇಕಿತ್ತು. ಸುಲಭ ಅಂತ ಅವರನ್ನು ನಮ್ಮ ಒಎಸ್‌ಪಿಎಫ್ ಒಳಗೇ ಸೇರಿಸಿಕೊಂಡೆವು. ತಪ್ಪು ನಮ್ಮದೇ. ಒಂದು ಶನಿವಾರ ರಾತ್ರಿ 2 ಗಂಟೆಗೆ ಅವರ ಹುಡುಗ ಫೈರ್‌ವಾಲ್‌ನಲ್ಲಿ ಒಂದು ಸಾಲು ಜಾಸ್ತಿ ಹಾಕಿದ. ಅದರ ಅರ್ಥ 'ದಾರಿ ಗೊತ್ತಿಲ್ಲದ್ದನ್ನೆಲ್ಲ ನನಗೆ ಕಳಿಸಿ'. ಇದಕ್ಕೆ ಡಿಫಾಲ್ಟ್ ರೂಟ್ ಅಂತಾರೆ. ನಮ್ಮ ಹೊರಬಾಗಿಲಿನ ರೂಟರ್ ಹೇಳುತ್ತಿದ್ದ ಡಿಫಾಲ್ಟ್ ರೂಟ್‌ನ ಮೆಟ್ರಿಕ್, ಅಂದರೆ ದಾರಿಯ ವೆಚ್ಚ, 10, ಇವನದು 1. ಕಡಿಮೆ ಇದ್ದದ್ದೇ ಗೆಲ್ಲುವುದು. ಮಹಡಿಯ ಅಷ್ಟೂ ಟ್ರಾಫಿಕ್ ಆ ಬಡಪಾಯಿ ಫೈರ್‌ವಾಲ್ ಮೇಲೆ ಬಿತ್ತು. ಒಂದು ಕೇಬಲ್ ಕಿತ್ತಿರಲಿಲ್ಲ, ಒಂದು ದೀಪ ಕೆಂಪಾಗಿರಲಿಲ್ಲ. ನೈಟ್ ಶಿಫ್ಟ್‌ನವನು ಫೋನ್ ಮಾಡಿ 'ಸರ್, ಎಲ್ಲಾ ಅಪ್ ಇದೆ, ಆದ್ರೆ ಏನೂ ಹೋಗ್ತಿಲ್ಲ' ಅಂದ. ಹುಡುಕಲು 50 ನಿಮಿಷ ಹಿಡಿಯಿತು.

ಒಂದೇ ಏರಿಯಾದೊಳಗೆ, ಅಂದರೆ ಒಂದೇ ನಕ್ಷೆ ಹಂಚಿಕೊಳ್ಳುವ ಗುಂಪಿನೊಳಗೆ, ಒಎಸ್‌ಪಿಎಫ್ ಡಂಗುರವನ್ನು ಮಧ್ಯದಲ್ಲಿ ತಡೆಯಲು ಬರುವುದಿಲ್ಲ. ಎಲ್ಲರ ನಕ್ಷೆ ಒಂದೇ ಇರಬೇಕು ಎಂಬುದೇ ಅದರ ಬುನಾದಿ. ಗ್ರಾಹಕರಿಗೆ ಬೇರೆಯದೇ ಒಎಸ್‌ಪಿಎಫ್ ಪ್ರೊಸೆಸ್ ಓಡಿಸಿ ಗೋಡೆ ಕಟ್ಟಬಹುದಿತ್ತು. ಆದರೆ ಎಂಟು ಗ್ರಾಹಕರಿಗೆ ಎಂಟು ಗೋಡೆ, ಯಾರು ನೋಡಿಕೊಳ್ಳುವುದು? ಬಿಜಿಪಿಯಲ್ಲಿ ಪಕ್ಕದವನು ಹೇಳಿದ್ದನ್ನು ಬಾಗಿಲಲ್ಲೇ ನಿಲ್ಲಿಸಿ, ಇದು ಬೇಕು, ಇದು ಬೇಡ ಅನ್ನಬಹುದು. ನಾನು ಬದಲಾಯಿಸಿದ್ದು ಇದೊಂದೇ ಕಾರಣಕ್ಕೆ. ವೇಗಕ್ಕಲ್ಲ, ದೊಡ್ಡವರು ಮಾಡುತ್ತಾರೆ ಅಂತಲೂ ಅಲ್ಲ.

ಡೇಟಾ ಸೆಂಟರ್ ಒಳಗೆ ಬಿಜಿಪಿ ಬಳಸುವುದು ಹೇಗೆ ಎಂದು ಹೇಳುವ 2016ರ ದಾಖಲೆ ಆರ್‌ಎಫ್‌ಸಿ 7938 ಮುಂದಿಟ್ಟುಕೊಂಡು ಕೂತೆವು. ನಾಲ್ಕೂ ಸ್ಪೈನ್‌ಗೆ ಒಂದೇ ಎಎಸ್ ನಂಬರ್ (ಬಿಜಿಪಿ ಸುದ್ದಿ ಯಾರನ್ನು ದಾಟಿ ಬಂತು ಎಂದು ಗುರುತಿಸುವ ಸಂಖ್ಯೆ), 64512. ಲೀಫ್‌ಗಳಿಗೆ 64513ರಿಂದ 64548. ಸ್ಪೈನ್‌ಗೆ ಒಂದೇ ನಂಬರ್ ಯಾಕೆಂದರೆ, ತನ್ನ ನಂಬರ್ ಇರುವ ಸುದ್ದಿ ತಿರುಗಿ ಬಂದರೆ ಬಿಜಿಪಿ ಅದನ್ನು ಒಳಗೆ ಬಿಡುವುದಿಲ್ಲ. ಹೀಗಾಗಿ ಸತ್ತ ದಾರಿಯ ಸುದ್ದಿ ಲೀಫ್‌ಗಳ ಮೂಲಕ ಸುತ್ತು ಹೊಡೆಯುವುದಿಲ್ಲ.

ಬದಲಾಯಿಸಿದ ಮರುದಿನ ಬೆಳಿಗ್ಗೆ ಗ್ರಾಫ್ ನೋಡಿದರೆ ಒಂದೊಂದು ಲೀಫ್‌ನಲ್ಲೂ ನಾಲ್ಕು ಕೇಬಲ್ ಪೈಕಿ ಒಂದರಲ್ಲಿ ಮಾತ್ರ ಟ್ರಾಫಿಕ್! ಮಿಕ್ಕ ಮೂರು ಆರಾಮಾಗಿ ಮಲಗಿದ್ದವು. ಒಎಸ್‌ಪಿಎಫ್ ತಾನಾಗೇ ಸಮ ದಾರಿಗಳಿಗೆಲ್ಲ ಹಂಚುತ್ತಿತ್ತು. ನಮ್ಮ ಸ್ವಿಚ್‌ಗಳ ಬಿಜಿಪಿಗೆ ಅದನ್ನು ಬಾಯಿಬಿಟ್ಟು ಹೇಳಬೇಕಿತ್ತು, ಮರೆತಿದ್ದೆ. ಪಕ್ಕದ ಸ್ವಿಚ್ ಸುಮ್ಮನಾದರೆ ಎಷ್ಟು ಹೊತ್ತು ಕಾಯಬೇಕು ಎಂಬ ಟೈಮರ್ ಕೂಡ ಹಾಗೇ. ನಮ್ಮಲ್ಲಿ ಡಿಫಾಲ್ಟ್ 180 ಸೆಕೆಂಡ್ ಇತ್ತು. ಕೇಬಲ್ ಕಿತ್ತರೆ ತಕ್ಷಣ ಗೊತ್ತಾಗುತ್ತದೆ. ಆದರೆ ಆ ಕಡೆಯ ಸ್ವಿಚ್ ದೀಪ ಉರಿಸಿಕೊಂಡೇ ಹ್ಯಾಂಗ್ ಆದರೆ ಮೂರು ನಿಮಿಷ ಕಾಯುತ್ತಾ ಕೂರುತ್ತದೆ. 9 ಸೆಕೆಂಡ್‌ಗೆ ಇಳಿಸಿ, ಜೊತೆಗೆ ಪಕ್ಕದವನು ಬದುಕಿದ್ದಾನಾ ಎಂದು ಕ್ಷಣಕ್ಷಣಕ್ಕೂ ನೋಡುವ ಬಿಎಫ್‌ಡಿ ಹಾಕಿದೆವು. ಬಿಜಿಪಿಯನ್ನು ಬೈಯಲೇಬೇಕಿದ್ದರೆ ಇಂಥದ್ದಕ್ಕೆ ಬೈಯಿರಿ, ನಾನೂ ದನಿಗೂಡಿಸುತ್ತೇನೆ.

ಹಾಗಂತ ಎಲ್ಲರೂ ಬಿಜಿಪಿಗೆ ಓಡಬೇಕಿಲ್ಲ. ಕಾಲೇಜೊಂದರ ಸರ್ವರ್ ರೂಮ್ ನೋಡಿಕೊಳ್ಳುವ ಗೆಳೆಯ ಕೇಳಿದಾಗ ಒಎಸ್‌ಪಿಎಫ್ ಸಾಕು ಅಂದೆ. ಆರು ಸ್ವಿಚ್, ಹೊರಗಿನವರು ಯಾರೂ ಇಲ್ಲ, ಎಲ್ಲದಕ್ಕೂ ಒಬ್ಬನೇ ಪಾಸ್‌ವರ್ಡ್ ಇಟ್ಟುಕೊಂಡವನು. ಅಲ್ಲಿ ಯಾರನ್ನು ಬಾಗಿಲಲ್ಲಿ ನಿಲ್ಲಿಸುವುದು?

ಆ ಪ್ಯಾರಾಗೆ ಒಂದು ತಿದ್ದುಪಡಿ ಹಾಕಿದರೆ ಸಂತೋಷ. ಕಳೆದ ತಿಂಗಳು ಇನ್ನೊಬ್ಬ ಗ್ರಾಹಕರ ರೂಟರ್ ಅದೇ ಡಿಫಾಲ್ಟ್ ರೂಟ್ ಕಳಿಸಿತ್ತು. ನಮ್ಮ ಫಿಲ್ಟರ್ ತಡೆಯಿತು. ನೈಟ್ ಶಿಫ್ಟ್‌ನವನು ಬೆಳಿಗ್ಗೆ ಏಳಕ್ಕೆ, ಟೀ ಕುಡಿಯುತ್ತಾ, ಫೋನ್ ಮಾಡಿ ಹೇಳಿದ.

ಇಂತಿ,
ಒಬ್ಬ ನೆಟ್‌ವರ್ಕ್ ಎಂಜಿನಿಯರ್
ವೈಟ್‌ಫೀಲ್ಡ್, ಬೆಂಗಳೂರು