ಸದ್ದಿಲ್ಲದೆ ಸೋರುವ ಫ್ಲಶ್ ಟ್ಯಾಂಕು

ಮಾನ್ಯರೇ,

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡೆ ಮಡಚಲು ಬಿಡದ ಜಿಲ್ಲೆ ನಮ್ಮ ಉತ್ತರ ಕನ್ನಡ. ಆದರೂ ಏಪ್ರಿಲ್ ಬಂತೆಂದರೆ ಕರಾವಳಿಯಲ್ಲಿ ಅಳಿವೆ ಪಕ್ಕದ ಬಾವಿಗಳು ಉಪ್ಪಾಗುತ್ತವೆ, ಘಟ್ಟದ ಮೇಲೆ ಬಾವಿಯ ತಳ ಕಾಣುತ್ತದೆ. ಕಾರವಾರಕ್ಕೆ ನೀರು ಕೊಡುವ ಗಂಗಾವಳಿ, ಶಿರಸಿಗೆ ಕೊಡುವ ಕೆಂಗ್ರೆ ಹೊಳೆ ಎರಡೂ ಸೊರಗುತ್ತವೆ. ಆಗ ‘ನೀರನ್ನು ಮಿತವಾಗಿ ಬಳಸಿ’ ಎಂಬ ಪ್ರಕಟಣೆ ಹೊರಡುತ್ತದೆ. ಎಲ್ಲಿ, ಎಷ್ಟು, ಹೇಗೆ ಎಂಬುದು ಅದರಲ್ಲಿ ಇರುವುದಿಲ್ಲ. ಜನ ಸ್ನಾನಕ್ಕೆ ಎರಡು ತಂಬಿಗೆ ನೀರು ಕಡಿಮೆ ಮಾಡಿಕೊಳ್ಳುತ್ತಾರೆ, ಅತ್ತ ಫ್ಲಶ್ ಟ್ಯಾಂಕು ಹಗಲೂ ರಾತ್ರಿ ಸೋರುತ್ತಲೇ ಇರುತ್ತದೆ.

ಈ ಸೋರಿಕೆ ಕಣ್ಣಿಗೆ ಬೀಳುವುದಿಲ್ಲ. ನೀರು ಕಮೋಡಿನ ಒಳಗೋಡೆಗೆ ಅಂಟಿಕೊಂಡೇ ಇಳಿಯುತ್ತದೆ. ನಿಮಿಷಕ್ಕೆ 100 ಮಿ.ಲೀ., ಅಂದರೆ ಅರ್ಧ ಲೋಟ ಸೋರಿದರೂ ದಿನಕ್ಕೆ 144 ಲೀಟರ್. ದಿನ ಬಿಟ್ಟು ದಿನ ನಲ್ಲಿ ಬರುವ ಕಡೆ 500 ಲೀಟರ್ ಟ್ಯಾಂಕು ಇಟ್ಟುಕೊಂಡವರಿಗೆ ಎರಡು ದಿನದಲ್ಲಿ ಅರ್ಧಕ್ಕಿಂತ ಹೆಚ್ಚು ನೀರು ಇಲ್ಲೇ ಹೋಯಿತು.

ಪತ್ತೆ ಹಚ್ಚುವುದು ಸುಲಭ. ರಾತ್ರಿ ಎಲ್ಲರ ಬಳಕೆ ಮುಗಿದ ಮೇಲೆ ಟ್ಯಾಂಕಿಗೆ ಬೀಟ್‌ರೂಟ್ ಬೇಯಿಸಿದ ನೀರನ್ನೋ ಮುರುಗಲ ಸಿಪ್ಪೆ ನೆನೆಸಿದ ಕೆಂಪು ನೀರನ್ನೋ ಸುರಿದು ಅರ್ಧ ಗಂಟೆ ಬಿಡಿ. ಫ್ಲಶ್ ಮಾಡದೆಯೇ ಕಮೋಡಿನೊಳಗೆ ಬಣ್ಣ ಇಳಿದಿದ್ದರೆ ಸೋರಿಕೆ ಇದೆ. ಕುಂಕುಮ ಬೇಡ, ಅದು ತಳಕ್ಕೆ ಕೂರುತ್ತದೆ. ಮುಂದೆ, ಗೋಡೆಯ ಬಳಿ ಟ್ಯಾಂಕಿಗೆ ನೀರು ಬಿಡುವ ಆ್ಯಂಗಲ್ ಕಾಕ್ ಬಂದ್ ಮಾಡಿ, ಟ್ಯಾಂಕಿನೊಳಗೆ ನೀರಿನ ಮಟ್ಟಕ್ಕೆ ಪೆನ್ಸಿಲ್ ಗೀಟು ಹಾಕಿ. ಬೆಳಿಗ್ಗೆ ನೀರು ಗೀಟಿನಿಂದ ಕೆಳಗಿಳಿದಿದ್ದರೆ ತಳದ ಫ್ಲಶ್ ವಾಲ್ವಿನ ವಾಶರ್ (ರಬ್ಬರ್ ಬಳೆ) ಹೋಗಿದೆ. ಮಟ್ಟ ಹಾಗೇ ನಿಂತು, ಕಾಕ್ ತೆರೆದಾಗ ಮಾತ್ರ ಸೋರಿದರೆ ತಪ್ಪು ಫ್ಲೋಟಿನದು, ಅಂದರೆ ಟ್ಯಾಂಕು ತುಂಬಿದಾಗ ಮೇಲೆದ್ದು ನೀರು ನಿಲ್ಲಿಸುವ ತೇಲುಬುಂಡೆಯದು. ನೀರು, ಹೆಚ್ಚಾದದ್ದನ್ನು ಕಮೋಡಿಗೆ ಇಳಿಸುವ ಓವರ್‌ಫ್ಲೋ ಕೊಳವೆಯ ಬಾಯಿ ದಾಟಿ ಹೋಗುತ್ತಿದೆ. ಫ್ಲೋಟಿನ ತಿರುಪು ತಿರುಗಿಸಿ, ಕೊಳವೆ ಬಾಯಿಗಿಂತ ಒಂದು ಇಂಚು ಕೆಳಗೆ ನೀರು ನಿಲ್ಲುವಂತೆ ಮಾಡಿ.

ವಾಶರ್ ಬದಲಿಸಲು ಟ್ಯಾಂಕು ಖಾಲಿ ಮಾಡಿ, ಫ್ಲಶ್ ವಾಲ್ವನ್ನು ಕಾಲು ಸುತ್ತು ಎಡಕ್ಕೆ ತಿರುಗಿಸಿ ಮೇಲೆತ್ತಿ. ಬಹುತೇಕ ಮಾದರಿಗಳಲ್ಲಿ ಅದು ಹಾಗೇ ಕೈಗೆ ಬರುತ್ತದೆ. ತಳದ ರಬ್ಬರ್ ಬಳೆ ಕಳಚಿ, ಅದನ್ನೇ ಅಂಗಡಿಗೆ ಒಯ್ದು ಅಳತೆ ಹೊಂದಿಸಿ ತನ್ನಿ. ಅಂದಾಜಿನಲ್ಲಿ ತಂದದ್ದು ಕೂರುವುದಿಲ್ಲ. ಹೊಸದು ಹಾಕುವ ಮೊದಲು ಅದು ಕೂರುವ ಜಾಗವನ್ನು ಬೆರಳಿನಿಂದ ಸವರಿ ನೋಡಿ. ನಮ್ಮ ಚಿರೇಕಲ್ಲಿನ ನೆಲದ ನೀರಿನಲ್ಲಿ ಕಬ್ಬಿಣದ ಕೆಂಪು ಗಸಿ ಹೆಚ್ಚು. ಅದು ಅಲ್ಲಿ ಕೂತರೆ ಹೊಸ ವಾಶರೂ ಸೋರುತ್ತದೆ. ಟ್ಯಾಂಕಿನೊಳಗೆ ಹಾಕುವ ಕ್ಲೋರಿನ್ ಗುಳಿಗೆಗಳನ್ನು ಬಿಟ್ಟುಬಿಡಿ, ಅವು ರಬ್ಬರನ್ನು ತಿನ್ನುತ್ತವೆ. ನೀರು ಉಳಿಸಲೆಂದು ಟ್ಯಾಂಕಿನಲ್ಲಿ ಇಟ್ಟಿಗೆ ಇಡುವುದೂ ಬೇಡ, ಅದು ಕರಗಿ ಮಣ್ಣು ವಾಲ್ವಿಗೆ ಸಿಕ್ಕುತ್ತದೆ. ಹಳೆಯ 10 ಲೀಟರ್ ಟ್ಯಾಂಕಾದರೆ ನೀರು ತುಂಬಿದ ಒಂದು ಲೀಟರಿನ ಬಾಟಲಿ ಸಾಕು. ಅದಕ್ಕಿಂತ ಹೆಚ್ಚು ಕಡಿತ ಮಾಡಿದರೆ ಹಳೆಯ ಕಮೋಡು ಒಂದೇ ಸಲಕ್ಕೆ ತೊಳೆಯದೆ ಎರಡು ಸಲ ಫ್ಲಶ್ ಮಾಡಬೇಕಾದೀತು.

ನಲ್ಲಿ ಸೆಕೆಂಡಿಗೊಂದು ಹನಿ ತೊಟ್ಟಿಕ್ಕಿದರೆ ದಿನಕ್ಕೆ ಸುಮಾರು ಒಂದು ಬಕೆಟ್. ಹಳೆಯ ತಿರುಪಿನ ನಲ್ಲಿಯನ್ನು ಇನ್ನಷ್ಟು ಬಿಗಿದರೆ ವಾಶರ್ ಕತ್ತರಿಸಿ ಹೋಗುತ್ತದೆ, ಬದಲಿಸುವುದೇ ದಾರಿ. ಕಾಲು ಸುತ್ತಿನ ಹೊಸ ನಲ್ಲಿಯಲ್ಲಿ ಸೆರಾಮಿಕ್ ಬಿಲ್ಲೆಗಳಿರುತ್ತವೆ. ಒಂದು ಮರಳಿನ ಕಣ ಗೀರಿದರೂ ಬಿಲ್ಲೆಗಳಿರುವ ಒಳಭಾಗ, ಅಂದರೆ ಇಡೀ ಸ್ಪಿಂಡಲ್ ಹೊಸದು ಬೇಕು. ಅದಕ್ಕೇ ಪೈಪ್ ದುರಸ್ತಿಯಾಗಿ ಮೊದಲು ಬರುವ ರಾಡಿ ನೀರನ್ನು ಅಂಗಳದ ನಲ್ಲಿಯಲ್ಲಿ ಬಿಟ್ಟು ಆಮೇಲೆ ಟ್ಯಾಂಕಿಗೆ ಹರಿಸಿ. ವಾಶ್‌ಬೇಸಿನ್ ಕೆಳಗಿನ ಕಾಕನ್ನು ಅರ್ಧ ಬಂದ್ ಮಾಡಿದರೆ ಖರ್ಚಿಲ್ಲದೆ ಧಾರೆ ಸಣ್ಣದಾಗುತ್ತದೆ.

ಮಹಡಿ ಮೇಲೆ ಸೋಲಾರ್ ಇದ್ದವರು ಇನ್ನೊಂದು ನೋಡಬೇಕು. ಮುಕ್ಕಾಲು ಇಂಚಿನ ಪೈಪಿನಲ್ಲಿ ಮೀಟರಿಗೆ ಸುಮಾರು 0.3 ಲೀಟರ್ ನೀರು ನಿಂತಿರುತ್ತದೆ. 20 ಮೀಟರ್ ದೂರವಾದರೆ ಬಿಸಿನೀರು ಬರುವ ಮೊದಲು 6 ಲೀಟರ್ ತಣ್ಣೀರು ಹೋಗುತ್ತದೆ. ಅದನ್ನು ಬಕೆಟ್ಟಿಗೆ ಹಿಡಿದು ಬೆರಕೆಗೆ ಇಟ್ಟುಕೊಳ್ಳಿ. ಶವರ್ ಬೇಕೇ ಬೇಕೆನ್ನುವವರು ಒಂದು ನಿಮಿಷ ಬಕೆಟ್ಟಿಗೆ ಬಿಟ್ಟು ಅಳೆಯಲಿ. ನಿಮಿಷಕ್ಕೆ 10 ಲೀಟರ್ ಬಂದರೆ ಐದು ನಿಮಿಷಕ್ಕೆ 50. ತಂಬಿಗೆ ಸ್ನಾನಕ್ಕೆ ಒಂದು ಬಕೆಟ್ ಸಾಕು. ಈ ವಿಷಯದಲ್ಲಿ ನಮ್ಮ ಹಂಡೆ ಬಚ್ಚಲೇ ಮೇಲು.

ಬಚ್ಚಲ ನೀರು ತೆಂಗು, ಬಾಳೆ, ಬಸಳೆಗೆ ಹೋಗುವ ಪದ್ಧತಿ ಇಲ್ಲಿ ಹಳೆಯದೇ. ಆದರೆ ಚಿರೇಕಲ್ಲಿನ ತೂತುಗಳಲ್ಲಿ ನೀರು ಬೇಗ ಬಸಿಯುವುದರಿಂದ ಬಾವಿಯ ಬದಿಗೆ ಹರಿಸಬಾರದು. ಸಂಗ್ರಹಿಸಿಟ್ಟರೆ ಅದೇ ದಿನ ಬಳಸಿ ಮುಗಿಸಬೇಕು, ಇಲ್ಲವಾದರೆ ನಾತ, ಸೊಳ್ಳೆ.

ಗ್ರಾಮ ಪಂಚಾಯ್ತಿಗಳಲ್ಲಿ ಒಂದು ವಿನಂತಿ. ಎರಡು ಗುಂಡಿಯ ಶೌಚಾಲಯಕ್ಕೆ ಸಹಾಯಧನ ಕೊಡುವಾಗ 25ರಿಂದ 28 ಡಿಗ್ರಿ ಇಳಿಜಾರಿನ ರೂರಲ್ ಪ್ಯಾನ್ ಮತ್ತು ಅದರ ಕೆಳಗೆ 20 ಮಿ.ಮೀ. ನೀರು ನಿಂತು ನಾತ ತಡೆಯುವ ಬಾಗುಕೊಳವೆ (ಟ್ರ್ಯಾಪ್) ಕೂರಿಸಿದ್ದಾರೆಯೇ ಎಂದು ನೋಡಿ ಬಿಲ್ ಮಾಡಿ. ಅದಕ್ಕೆ ಒಂದೂವರೆಯಿಂದ ಎರಡು ಲೀಟರ್ ನೀರು ಸಾಕು. ಪೇಟೆಯ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಪ್ಯಾನಿನ ಇಳಿಜಾರು ಕಡಿಮೆ, ಟ್ರ್ಯಾಪ್ 50 ಮಿ.ಮೀ.ನದು. ಅದನ್ನು ಕೂರಿಸಿದ ಮನೆಯವರು ಪ್ರತಿ ಸಲವೂ ಹಲವು ಪಟ್ಟು ನೀರು ಹೊರಬೇಕಾಗುತ್ತದೆ.

- ಪ್ಲಂಬಿಂಗ್ ಕೆಲಸಗಾರರು, ಕುಮಟಾ